ಹೊಸ ಜೀರುಂಡೆ ಹಳೇ ಡ್ರಾಯರ್‌ನಲ್ಲೂ ಸಿಗುತ್ತದೆ

ಮಾನ್ಯ ಸಂಪಾದಕರೇ,

ಹೊಸ ಜಾತಿಯ ಹುಳ ಸಿಕ್ಕಿತು ಅನ್ನುವ ಸುದ್ದಿಯ ಜೊತೆ ಸಾಮಾನ್ಯವಾಗಿ ಕಾಡಿನ ಚಿತ್ರವೋ, ಬಲೆ ಹಿಡಿದು ನಿಂತ ಸಂಶೋಧಕರ ಚಿತ್ರವೋ ಇರುತ್ತದೆ. ನಾನು ಮ್ಯೂಸಿಯಂನ ಒಣಗಿದ ಜೀರುಂಡೆಗಳನ್ನು ಗುರುತಿಸಿ ವಿಂಗಡಿಸುವ ಕೆಲಸ ಮಾಡುವವಳು. ಎಷ್ಟೋ ಹೊಸ ಜೀರುಂಡೆಗಳು ಪತ್ತೆಯಾಗುವುದು ಹಳೇ ಡ್ರಾಯರ್‌ಗಳಲ್ಲಿ. ಈ ಮಾತು ಪತ್ರಿಕೆಗಳಲ್ಲಿ ಬರುವುದೇ ಕಡಿಮೆ.

ಡಾರ್ವಿನ್ 1832ರಲ್ಲಿ ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾದಲ್ಲಿ ಒಂದು ಜೀರುಂಡೆ ಹಿಡಿದಿದ್ದರು. ಅದು ಲಂಡನ್ನಿನ ಮ್ಯೂಸಿಯಂ ಸೇರಿ ಹೆಸರಿಲ್ಲದೆ ಉಳಿಯಿತು. ಎರವಲು ತರಿಸಿಕೊಂಡ ಹುಳಗಳ ನಡುವೆ ಅದನ್ನು ಗುರುತಿಸಿದವರು ಕೀಟಶಾಸ್ತ್ರಜ್ಞ ಸ್ಟೈಲಿಯಾನೋಸ್ ಚಾಟ್ಜಿಮಾನೋಲಿಸ್. 2014ರಲ್ಲಿ ಅವರು ಅದಕ್ಕೆ ಡಾರ್ವಿನಿಲಸ್ ಸೆಡಾರಿಸಿ ಎಂದು ಹೆಸರಿಟ್ಟರು. ಜಾತಿ ಮಾತ್ರವಲ್ಲ, ಕುಲವೇ (ಹತ್ತಿರದ ಜಾತಿಗಳನ್ನು ಸೇರಿಸುವ ಗುಂಪೇ) ಹೊಸದು. ಹಾಗೆಯೇ ನೈರೋಬಿಯಲ್ಲಿ 1965ರಲ್ಲಿ ಸಂಗ್ರಹಿಸಿದ, ಒಂದು ಮಿಲಿಮೀಟರೂ ಇಲ್ಲದ, ಕಣ್ಣು ರೆಕ್ಕೆ ಎರಡೂ ಇಲ್ಲದ ಜೀರುಂಡೆಗೆ ಹವಾಮಾನ ಹೋರಾಟಗಾರ್ತಿ ಗ್ರೇಟಾ ಥನ್‌ಬರ್ಗ್ ಹೆಸರು ಸೇರಿದ್ದು 2019ರಲ್ಲಿ. ಜೀವಿಯೊಂದನ್ನು ಸಂಗ್ರಹಿಸಿದ ಮೇಲೆ ಅದಕ್ಕೆ ಹೆಸರು ಬರಲು ಸರಾಸರಿ 21 ವರ್ಷ ಹಿಡಿಯುತ್ತದೆ ಎಂದು 2012ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು.

ಯಾಕಿಷ್ಟು ತಡ ಅಂತ ಜನ ಕೇಳುತ್ತಾರೆ. ಹೆಸರು ಪಡೆದಿರುವ ಜೀರುಂಡೆ ಜಾತಿಗಳೇ ಸುಮಾರು 4 ಲಕ್ಷ. ಕೈಯಲ್ಲಿರುವುದು ಅವುಗಳಲ್ಲಿ ಒಂದಲ್ಲ ಎಂದು ಖಚಿತವಾಗಬೇಕು. ಎಷ್ಟೋ ಜಾತಿಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ. ಆಗ ಒಣಗಿದ ಹುಳವನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಗಂಡಿನ ಜನನಾಂಗವನ್ನು ಸೂಜಿಯಿಂದ ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಅದರ ತುದಿಯ ಬಾಗು ಒಂದರಿಂದಲೇ ಎರಡು ಜಾತಿ ಬೇರೆ ಅಂತ ಗೊತ್ತಾಗುವುದುಂಟು. ನೋಡಿದ ಮೇಲೆ ಆ ಚೂರನ್ನು ಚಿಕ್ಕ ಕಾರ್ಡಿಗೆ ಅಂಟಿಸಿ ಅದೇ ಹುಳದ ಪಿನ್ನಿಗೆ ಚುಚ್ಚಿಡಬೇಕು. ಕಳೆದರೆ ಸಾಕ್ಷಿಯೇ ಹೋಯಿತು.

ಆಮೇಲೆ ಹಳೇ ಬರಹಗಳ ಹುಡುಕಾಟ. ಪ್ರಾಣಿಗಳ ವೈಜ್ಞಾನಿಕ ಹೆಸರಿನ ಲೆಕ್ಕ ಶುರುವಾಗುವುದು ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್‌ನ 1758ರ ಪುಸ್ತಕದಿಂದ. ಒಂದೇ ಹುಳಕ್ಕೆ ಇಬ್ಬರು ಹೆಸರಿಟ್ಟಿದ್ದರೆ ಸಾಮಾನ್ಯವಾಗಿ ಮೊದಲಿನದೇ ನಿಲ್ಲುತ್ತದೆ. ಆದರೆ ಹಳೇ ವಿವರಣೆ ಎಷ್ಟೋ ಸಲ ಲ್ಯಾಟಿನ್‌ನಲ್ಲಿ ಎರಡೇ ಸಾಲು: ಕಪ್ಪು, ಹೊಳಪು, ಕಾಲು ಕೆಂಪು. ಇದು ನೂರಾರು ಜೀರುಂಡೆಗಳಿಗೆ ಹೊಂದುತ್ತದೆ, ಅಲ್ವಾ? ಆಗ ಉಳಿಯುವುದು ಒಂದೇ ದಾರಿ. ಆ ಹೆಸರಿಗೆ ಆಧಾರವಾದ ಮೂಲ ಮಾದರಿಯನ್ನೇ, ಅಂದರೆ ಟೈಪ್ ಅನ್ನೇ, ನೋಡಬೇಕು. ಅದು ಲಂಡನ್ನಿನಲ್ಲೋ ಪ್ಯಾರಿಸ್ಸಿನಲ್ಲೋ ಕೆಂಪು ಚೀಟಿ ಹೊತ್ತು ಕೂತಿರುತ್ತದೆ.

ಈಗ ಫೋಟೋ ಇದೆ, ಡಿಎನ್‌ಎ ಇದೆ, ಸತ್ತ ಹುಳ ಯಾಕೆ ಅನ್ನುವವರಿದ್ದಾರೆ. ಡಿಎನ್‌ಎ ಎರಡು ಹುಳ ಬೇರೆ ಅಂತ ಹೇಳಬಹುದು. ಯಾವುದಕ್ಕೆ ಯಾವ ಹಳೇ ಹೆಸರು ಸಲ್ಲಬೇಕು ಅಂತ ತೀರ್ಮಾನಿಸಲು ಮೂಲ ಮಾದರಿಯೇ ಬೇಕು. ಆ ಹಳೇ ಹುಳದ ಒಂದು ಕಾಲಿನಿಂದಲೇ ಈಗ ಡಿಎನ್‌ಎ ತೆಗೆಯುವುದೂ ಸಾಧ್ಯವಾಗಿದೆ. ಹಿಡಿದವರು ಇದನ್ನು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ಇವುಗಳನ್ನು ಕಾಯುವುದೂ ಸುಲಭವಲ್ಲ. ಮ್ಯೂಸಿಯಂಗಳ ದೊಡ್ಡ ಶತ್ರು ಆಂಥ್ರೀನಸ್ ಮ್ಯೂಸಿಯೋರಮ್. ಅದೂ ಒಂದು ಜೀರುಂಡೆಯೇ! ಅದರ ಮರಿಹುಳ ಒಣ ಮಾದರಿಗಳನ್ನು ತಿಂದು ಪುಡಿ ಮಾಡುತ್ತದೆ. ಪಿನ್ನಿನ ಕೆಳಗೆ ಪುಡಿ ಕಂಡರೆ ನನಗೆ ಆವತ್ತು ಬೇರೆ ಕೆಲಸ ತೋಚುವುದಿಲ್ಲ. ಬ್ರೆಜಿಲ್‌ನ ರಾಷ್ಟ್ರೀಯ ಮ್ಯೂಸಿಯಂ 2018ರ ಸೆಪ್ಟೆಂಬರ್ 2ರಂದು ಹೊತ್ತಿ ಉರಿದಾಗ ಅಲ್ಲಿನ ಕೀಟ ಸಂಗ್ರಹದ ಬಹುಪಾಲು ಹೋಯಿತು. ಹೆಸರಿಡದೆ ಉಳಿದಿದ್ದ ಜಾತಿಗಳೂ ಅದರಲ್ಲಿದ್ದಿರಲೇಬೇಕು.

ನನ್ನ ಕೋರಿಕೆ ಇಷ್ಟೇ. ಹೊಸ ಜಾತಿಯ ಸುದ್ದಿ ಹಾಕುವಾಗ ಮಾದರಿಯನ್ನು ಯಾವಾಗ, ಯಾರು ಹಿಡಿದರು, ಮೂಲ ಮಾದರಿ ಎಲ್ಲಿದೆ ಅನ್ನುವುದನ್ನೂ ಒಂದು ಸಾಲಿನಲ್ಲಿ ಸೇರಿಸಿ. ಹೆಸರಿಟ್ಟವರ ಪ್ರಬಂಧದಲ್ಲಿ ಸಾಮಾನ್ಯವಾಗಿ ಈ ವಿವರ ಇದ್ದೇ ಇರುತ್ತದೆ. ಹಳೇ ಸಂಗ್ರಹಗಳಿಗೆ ಹಣ ಯಾಕೆ, ಜನ ಯಾಕೆ ಎಂದು ಕೇಳುವವರೂ ಅದನ್ನು ಓದಲಿ.

– ಜೀರುಂಡೆ ಗುರುತಿಸುವ ಓದುಗಾರ್ತಿ