ತಮ್ಮನ ಕೆಲಸ ಖಾಯಂ ಆದ ಸಂದರ್ಭದಲ್ಲಿ ಕೆಲವರಿಗೆ ವಂದನೆ

ಉಡುಪಿಯ ಬ್ರಹ್ಮಗಿರಿ ಬಳಿಯ ಬೈಂಡಿಂಗ್ ಅಂಗಡಿಯೊಂದರಲ್ಲಿ ತಾತ್ಕಾಲಿಕವಾಗಿ ದುಡಿಯುತ್ತಿದ್ದ ನನ್ನ ತಮ್ಮನ ಕೆಲಸ ಈ ತಿಂಗಳು ಖಾಯಂ ಆಗಿದೆ. ಸಂತೆಕಟ್ಟೆಯ ನಮ್ಮ ಮನೆಯಿಂದ ಅವನೊಬ್ಬನೇ ಬಸ್ಸಿನಲ್ಲಿ ಹೋಗಿಬರುತ್ತಾನೆ, ಸಂಬಳ ಅವನದೇ ಖಾತೆಗೆ ಜಮೆಯಾಗುತ್ತದೆ. ಆಟಿಸಂ (ಮಾತು, ಒಡನಾಟ, ಸದ್ದು-ಸ್ಪರ್ಶಗಳ ಅನುಭವ ಬೇರೆ ರೀತಿಯಲ್ಲಿರುವ, ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ) ಇರುವ ಅವನಿಗೆ ಪ್ರಾಯಕ್ಕೆ ಬಂದ ಮೇಲೆ ಜೀವನ ಕೌಶಲಗಳನ್ನು ಕಲಿಸಿದ ತರಬೇತುದಾರರಿಗೂ ಆ ಕಲಿಕೆಗೆ ಊರಿನಲ್ಲಿ ಎಡೆಮಾಡಿಕೊಟ್ಟವರಿಗೂ ಮನೆಯವರೆಲ್ಲರ ಪರವಾಗಿ, ಅವನ ಒಪ್ಪಿಗೆ ಪಡೆದೇ, ಈ ಕೃತಜ್ಞತೆಯನ್ನು ಬರೆಯುತ್ತಿದ್ದೇನೆ.

ಆಟಿಸಂ ಎಂದೊಡನೆ ಎಲ್ಲರಿಗೂ ನೆನಪಾಗುವುದು ಮಕ್ಕಳು. ಥೆರಪಿ, ವಿಶೇಷ ಶಾಲೆ ಎಲ್ಲವೂ ಸಾಮಾನ್ಯವಾಗಿ ಹದಿನೆಂಟರ ಆಸುಪಾಸಿನಲ್ಲಿ ನಿಂತುಹೋಗುತ್ತವೆ. ಆದರೆ ಆಟಿಸಂ ಬದುಕಿನುದ್ದಕ್ಕೂ ಇರುವಂಥದ್ದು. ತಮ್ಮನ ತರಬೇತುದಾರರಾದ ಟೀಚರ್ ಮೊದಲ ಸಲ ಮನೆಗೆ ಬಂದಾಗ ಅಪ್ಪ ಅಮ್ಮನನ್ನು ಬಿಟ್ಟು ನೇರವಾಗಿ ಅವನನ್ನೇ, "ನಿಮಗೆ ಏನು ಕಲಿಯಬೇಕು?" ಎಂದು ಕೇಳಿದರು. ಅಮ್ಮ ಮನೆಯಲ್ಲಿ ಇಲ್ಲದಾಗ ಗಂಜಿ ಮಾಡಿಕೊಳ್ಳಬೇಕು ಎಂದು ಅವನು ಬರೆದು ತೋರಿಸಿದ. ತರಬೇತಿ ಶುರುವಾದದ್ದು ಅಲ್ಲಿಂದಲೇ.

ಕುಕ್ಕರಿನ ಸೀಟಿ ನಮಗೆ ಬರೀ ಸದ್ದು, ಅವನಿಗೆ ನೋವು. ಅದನ್ನು ಸಹಿಸುವ ಅಭ್ಯಾಸ ಮಾಡಿಸುವ ಬದಲು ಟೀಚರ್ ಥರ್ಮಲ್ ಕುಕ್ಕರ್ ತರಿಸಿದರು. ಕುಚ್ಚಲಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ, ಪಾತ್ರೆಯನ್ನು ಅದರೊಳಗಿಟ್ಟು ಮುಚ್ಚಿದರೆ ಉಳಿದ ಬಿಸಿಯಲ್ಲೇ ಅಕ್ಕಿ ಬೇಯುತ್ತದೆ, ಸೀಟಿಯ ಮಾತೇ ಇಲ್ಲ. ಅಳೆಯುವುದು, ತೊಳೆಯುವುದು, ಗುರುತಿನವರೆಗೆ ನೀರು ಹಾಕುವುದು, ಟೈಮರ್ ಬಡಿದಾಗ ಗ್ಯಾಸ್ ಆರಿಸುವುದು ಹೀಗೆ ಒಂದೊಂದು ಹಂತದ ಫೋಟೋವನ್ನೂ ಗೋಡೆಗೆ ಅಂಟಿಸಿ, ಕಲಿಸುವುದನ್ನು ಕೊನೆಯಿಂದ ಆರಂಭಿಸಿದರು. ಮೊದಮೊದಲು ಉಳಿದೆಲ್ಲವನ್ನೂ ಅಮ್ಮ ಮಾಡುತ್ತಿದ್ದರು, ಮುಚ್ಚಳ ತೆಗೆದು ಬಡಿಸಿಕೊಳ್ಳುವುದಷ್ಟೇ ಅವನ ಪಾಲು. ಆಮೇಲೆ ಪಾತ್ರೆ ಒಳಗಿಡುವುದು, ಅದಕ್ಕೂ ಮೊದಲಿನದು, ಹೀಗೆ ಹಿಂದಕ್ಕೆ ಹಿಂದಕ್ಕೆ. ಪ್ರತಿ ಸಲವೂ ಅಡುಗೆ ಅವನ ಕೈಯಲ್ಲೇ ಮುಗಿಯುತ್ತಿದ್ದುದರಿಂದ ಅರ್ಧಕ್ಕೆ ಬಿಟ್ಟೆ ಎಂಬ ಬೇಸರ ಅವನಿಗೆ ಉಂಟಾಗಲೇ ಇಲ್ಲ.

ಬಸ್ಸಿನ ವಿಷಯ ಇಷ್ಟು ಸಲೀಸಾಗಿರಲಿಲ್ಲ. ಹೆದ್ದಾರಿ ಕಾಮಗಾರಿಯಿಂದಾಗಿ ಬಸ್ಸು ನಿಲ್ಲುವ ಜಾಗವೇ ಬದಲಾಗುತ್ತಿತ್ತು. ಟೀಚರ್ ಮೊದಲು ಅವನ ಪಕ್ಕದಲ್ಲಿ, ಆಮೇಲೆ ಹಿಂದಿನ ಸೀಟಿನಲ್ಲಿ, ಕೊನೆಗೆ ಹಿಂದೆ ಬರುವ ಬಸ್ಸಿನಲ್ಲಿ ಪ್ರಯಾಣಿಸಿದರು. ನಮ್ಮ ಕಡೆಯ ಖಾಸಗಿ ಬಸ್ಸುಗಳ ಅವಸರ ಗೊತ್ತಿರುವವರಿಗೆ, ಅವನು ಎರಡೂ ಕಾಲು ಒಳಗಿಡುವ ತನಕ "ರೈಟ್ ಪೋಯಿ" ಎನ್ನದೆ ಕಾಯುವ ಕಂಡಕ್ಟರುಗಳಿಗೆ ನಾನೇಕೆ ಇಲ್ಲಿ ಪ್ರತ್ಯೇಕವಾಗಿ ವಂದಿಸುತ್ತಿದ್ದೇನೆ ಎಂಬುದು ತಿಳಿದೀತು.

ಅಂಗಡಿಯ ಮಾಲೀಕರು ಮರುದಿನದ ಕೆಲಸವನ್ನು ಹಿಂದಿನ ಸಂಜೆಯೇ ಚೀಟಿಯಲ್ಲಿ ಬರೆದುಕೊಡುತ್ತಾರೆ, ಕಟಿಂಗ್ ಯಂತ್ರ ಓಡುವಾಗ ಅವನು ಹೆಡ್‌ಫೋನ್ ಹಾಕಿಕೊಂಡರೆ ಆಕ್ಷೇಪಿಸುವುದಿಲ್ಲ, ಮುಖ ನೋಡಿ ಮಾತನಾಡು ಎಂದು ಒತ್ತಾಯಿಸುವುದಿಲ್ಲ. ಕೃಷ್ಣಾಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದಂದು ರಥಬೀದಿಯ ಜನಸಂದಣಿಯೂ ಹುಲಿವೇಷದ ತಾಸೆ ವಾದ್ಯದ ಸದ್ದೂ ಅವನಿಗೆ ಆಗದೆಂದು ಮೊದಲೇ ರಜೆ ಗುರುತು ಹಾಕಿಟ್ಟಿದ್ದಾರೆ. ಅವನು ಯಾವಾಗ ಸರಿಯಾಗುತ್ತಾನೆ ಎಂದು ಇಂದಿಗೂ ವಿಚಾರಿಸುವ ಬಂಧುಗಳು ಒಮ್ಮೆ ಆ ಅಂಗಡಿಗೆ ಹೋಗಿ ಅವನು ಹೊಲಿದ ಲೆಡ್ಜರುಗಳನ್ನು ನೋಡಬೇಕು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ ಎಂದು ತಿಳಿಸಿ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಿಂದ ಹಿಡಿದು ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆಯವರೆಗೆ ಎಲ್ಲ ಅರ್ಜಿಗಳನ್ನೂ ನಮ್ಮೊಂದಿಗೆ ಕುಳಿತು ತುಂಬಿಸಿದ ಪುನರ್ವಸತಿ ಕಾರ್ಯಕರ್ತೆಗೂ ನಾವು ಋಣಿಗಳು.

ತರಬೇತಿ ಇನ್ನೂ ಮುಗಿದಿಲ್ಲ. ಎಟಿಎಂ ಬಳಸುವುದು, ಫೋನಿನಲ್ಲಿ ಯಾರು ಎಷ್ಟೇ ಕೇಳಿದರೂ ಒಟಿಪಿ ಹೇಳದಿರುವುದು ಈಗಿನ ಪಾಠ. ತಮ್ಮನ ಪಕ್ಕದಲ್ಲಿ ಅಪ್ಪನೂ ಕುಳಿತು ಅದನ್ನು ಕಲಿಯುತ್ತಿರುವುದರಿಂದ, ಟೀಚರಿಗೆ ಆ ಲೆಕ್ಕದ ವಂದನೆಯನ್ನೂ ಮುಂಗಡವಾಗಿ ಸಲ್ಲಿಸುತ್ತೇನೆ.