ಆಡಿಯೋ ಕಾರ್ಡ್ ಕೊಳ್ಳುವ ಮೊದಲು ನಿಮ್ಮ ಕಂಪ್ಯೂಟರ್ ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಮನೆಯ ಮಾಳಿಗೆಯಲ್ಲಿ ಒಂದು ಟ್ರಂಕಿನ ತುಂಬ ಕ್ಯಾಸೆಟ್‌ಗಳಿವೆ. ಅಪ್ಪಯ್ಯ ಭಾಗವತಿಕೆ ಮಾಡುತ್ತಿದ್ದರು. ಎಂಬತ್ತರ ದಶಕದಲ್ಲಿ ಸಾಗರದ ಸುತ್ತಮುತ್ತ ನಡೆದ ತಾಳಮದ್ದಳೆಗಳನ್ನು ಅಣ್ಣ ಎರಡು ಮೈಕ್ ಇಟ್ಟು ಟೇಪ್ ಮಾಡಿಕೊಂಡಿದ್ದ, ಒಂದು ಅಪ್ಪಯ್ಯನ ಎದುರು, ಇನ್ನೊಂದು ಅರ್ಥಧಾರಿಗಳ ಎದುರು. ಟೇಪು ಬೂಸ್ಟು ಹಿಡಿಯುವ ಮೊದಲು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಡೋಣ ಅಂತ ಕಳೆದ ಮಳೆಗಾಲದಲ್ಲಿ ಕೂತೆ. ಬೇಕಾಗಿದ್ದು ಟೇಪಿನ ಸದ್ದನ್ನು ಕಂಪ್ಯೂಟರಿನೊಳಗೆ ತರಲು ಯುಎಸ್‌ಬಿಗೆ ಚುಚ್ಚುವ ಒಂದು ಆಡಿಯೋ ಕಾರ್ಡ್, ಅಷ್ಟೇ. ಆ ಒಂದು ಕಾರ್ಡಿಗೆ ಮೂರು ಸಲ ದುಡ್ಡು ಕೊಟ್ಟೆ. ಬೇರೆಯವರಿಗೆ ಹೀಗಾಗಬಾರದು ಅಂತ ಈ ಪತ್ರ.

ಮೊದಲು ತಂದದ್ದು ಬೆರಳುದ್ದದ ಅಗ್ಗದ ಡಾಂಗಲ್. ಒಂದು ತೂತು ಹೆಡ್‌ಫೋನಿಗೆ, ಇನ್ನೊಂದು ಮೈಕಿಗೆ. ಟೇಪ್ ಡೆಕ್ಕಿನ ವೈರನ್ನು ಮೈಕ್ ತೂತಿಗೆ ಹಾಕಿ ರೆಕಾರ್ಡ್ ಒತ್ತಿದೆ. ಅಪ್ಪಯ್ಯನ ಪದ ಕೇಳಿಸಿತು, ಆದರೆ ಏರು ದನಿಗೆ ಹೋದಲ್ಲೆಲ್ಲ ಹರಿದ ಸ್ಪೀಕರಿನ ಹಾಗೆ ಗರಗರ. ಅರ್ಥಧಾರಿಗಳ ಮಾತಂತೂ ಪಕ್ಕದ ಮನೆಯಿಂದ ಬಂದ ಹಾಗೆ. ಕ್ಯಾಸೆಟ್ಟೇ ಹಾಳಾಗಿದೆ ಅಂದುಕೊಂಡು ಎರಡು ದಿನ ಬೇಜಾರಾಗಿದ್ದೆ. ಹಾಳಾಗಿರಲಿಲ್ಲ. ಇಂಥ ಡಾಂಗಲ್‌ಗಳ ಮೈಕ್ ತೂತು ಸಾಮಾನ್ಯವಾಗಿ ಮೋನೋ. ಸ್ಟೀರಿಯೋ ಪಿನ್ ಹಾಕಿದರೆ ಎಡಗಡೆಯದು ಮಾತ್ರ ಒಳಗೆ ಹೋಗುತ್ತದೆ, ಬಲಗಡೆಯದು ಅಲ್ಲೇ ನಿಲ್ಲುತ್ತದೆ. ಅಣ್ಣನ ಎರಡನೇ ಮೈಕ್ ಇದ್ದದ್ದು ಬಲಗಡೆಗೆ. ಜೊತೆಗೆ ಮೈಕ್ ತೂತು ಇರುವುದು ಮೈಕಿನ ಸಣ್ಣ ಸಿಗ್ನಲ್‌ಗಾಗಿ, ಡೆಕ್ಕಿನಿಂದ ಬರುವುದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ನನಗೆ ಬೇಕಾಗಿದ್ದು ಸ್ಟೀರಿಯೋ ಲೈನ್ ಇನ್, ಅಂದರೆ ಡೆಕ್ಕಿನ ದೊಡ್ಡ ಸಿಗ್ನಲ್ಲನ್ನು ಎಡ, ಬಲ ಎರಡೂ ಕಡೆಯದು ಒಳಗೆ ತೆಗೆದುಕೊಳ್ಳುವ ತೂತು. ಅಂಗಡಿಯವರಿಗೆ ‘ಕ್ಯಾಸೆಟ್ ಹಾಕಿಕೊಳ್ಳೋಕೆ’ ಅಂತ ಹೇಳಿಯೇ ತಂದಿದ್ದೆ, ಈ ಮಾತನ್ನು ಯಾರೂ ಹೇಳಲಿಲ್ಲ.

ಎರಡನೆಯದು ಸೆಕೆಂಡ್ ಹ್ಯಾಂಡ್. ಒಳ್ಳೆ ಕಂಪನಿಯದು, ಲೈನ್ ಇನ್ ಇತ್ತು. ಮಾರಿದವರು ‘ಯಾವ ಕಂಪ್ಯೂಟರಿಗಾದರೂ ಆಗುತ್ತದೆ’ ಅಂದರು. ಮನೆಯಲ್ಲಿ ಚುಚ್ಚಿದಾಗ ಹಸಿರು ಲೈಟ್ ಉರಿಯಿತು, ಆದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಹೆಸರಿನ ಮುಂದೆ ಹಳದಿ ತ್ರಿಕೋನ. ಅದಕ್ಕೆ ಕಂಪನಿಯವರದ್ದೇ ಡ್ರೈವರ್ (ಕಾರ್ಡನ್ನು ಕಂಪ್ಯೂಟರಿಗೆ ಹೊಂದಿಸುವ ಸಾಫ್ಟ್‌ವೇರ್) ಬೇಕು, ಅದು ವಿಂಡೋಸ್ 7ಕ್ಕೇ ನಿಂತುಹೋಗಿತ್ತು. ನಮ್ಮದು ವಿಂಡೋಸ್ 11. ಲೈಟ್ ಉರಿಯಿತು ಅಂದರೆ ಕರೆಂಟ್ ಬಂತು ಅಂತಷ್ಟೇ ಅರ್ಥ. ಅದೇ ಕಾರ್ಡನ್ನು ಪಕ್ಕದ ಮನೆ ಹುಡುಗ ತನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಹಾಕಿ ‘ಎಆರೆಕಾರ್ಡ್’ ಅಂತ ಒಂದು ಕಮಾಂಡ್ ಕೊಟ್ಟ ನೋಡಿ, ಕಾರ್ಡಿನ ಹೆಸರು ಪಟ್ಟಿಯಲ್ಲಿ ಬಂತು, ಅಪ್ಪಯ್ಯನ ಪದವೂ ಬಂತು. ಕಾರ್ಡ್ ಕೆಟ್ಟಿರಲಿಲ್ಲ, ನಮ್ಮ ಕಂಪ್ಯೂಟರ್ ಕೆಟ್ಟಿರಲಿಲ್ಲ, ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಆಮೇಲೆ ನಾನು ಕಲಿತದ್ದು ಇದು. ಯುಎಸ್‌ಬಿ ಆಡಿಯೋ ಕ್ಲಾಸ್ ಅಂತ ಒಂದು ಸಾಮಾನ್ಯ ಕಟ್ಟಳೆ ಇದೆ, ಮೊದಲನೆಯದು 1998ರದ್ದು, ಎರಡನೆಯದು 2006ರದ್ದು. ಇದರಂತೆ ಮಾಡಿದ ಕಾರ್ಡನ್ನು ‘ಕ್ಲಾಸ್ ಕಂಪ್ಲಯಂಟ್’ ಅನ್ನುತ್ತಾರೆ. ಅದಕ್ಕೆ ಬೇರೆ ಡ್ರೈವರ್ ಬೇಡ, ಮ್ಯಾಕ್, ಲಿನಕ್ಸ್ ಎರಡೂ ಗುರುತು ಹಿಡಿಯುತ್ತವೆ. ವಿಂಡೋಸ್ ಮಾತ್ರ ಎರಡನೇ ಕಟ್ಟಳೆಯನ್ನು ತಾನಾಗಿ ಒಪ್ಪಿಕೊಂಡದ್ದು 2017ರಲ್ಲಿ, ವಿಂಡೋಸ್ 10ರ 1703 ಆವೃತ್ತಿಯಿಂದ. ಹಾಗಾಗಿ ಹಳೆ ಕಂಪ್ಯೂಟರ್ ಇದ್ದವರು ತಮ್ಮ ಆವೃತ್ತಿ ಯಾವುದು ಅಂತ ನೋಡಿಕೊಳ್ಳಲೇಬೇಕು. ಹೊಸ ಕಂಪ್ಯೂಟರಿನವರೂ ಅಷ್ಟೇ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ ಎಷ್ಟೋ ಜನ ಮೆಷಿನ್ ಬದಲಾಯಿಸುತ್ತಿದ್ದಾರೆ, ಕೆಲವರು ಸ್ನ್ಯಾಪ್‌ಡ್ರಾಗನ್ ಚಿಪ್ಪಿನ ಲ್ಯಾಪ್‌ಟಾಪ್ ತರುತ್ತಿದ್ದಾರೆ. ಅದರಲ್ಲಿ ಹಳೆ ಸಾಫ್ಟ್‌ವೇರ್ ಹೇಗೋ ಓಡಬಹುದು, ಹಳೆ ಡ್ರೈವರ್ ಓಡುವುದಿಲ್ಲ, ಆ ಚಿಪ್ಪಿಗೆ ಅಂತಲೇ ಮಾಡಿದ ಡ್ರೈವರ್ ಬೇಕು. ಮ್ಯಾಕ್ ಇರುವವರು ಹಳೆ ಫೈರ್‌ವೈರ್ (ಯುಎಸ್‌ಬಿ ಅಲ್ಲದ ಇನ್ನೊಂದು ಬಗೆಯ ಜೋಡಣೆ) ಕಾರ್ಡ್ ಅಗ್ಗಕ್ಕೆ ಸಿಕ್ಕಿತು ಅಂತ ಸುಮ್ನೆ ತರಬೇಡಿ, 2025ರಲ್ಲಿ ಬಂದ ಮ್ಯಾಕ್‌ಓಎಸ್ ತಾಹೋದಲ್ಲಿ ಫೈರ್‌ವೈರ್ ಬೆಂಬಲವನ್ನೇ ತೆಗೆದಿದ್ದಾರೆ. ಇನ್ನು ಟೈಪ್-ಸಿ ತೂತು ನೋಡಿ ಮೋಸ ಹೋಗುವವರೂ ಇದ್ದಾರೆ. ಥಂಡರ್‌ಬೋಲ್ಟ್ 3 ಅನ್ನುವ ಬೇರೆ ಬಗೆಯ ಜೋಡಣೆಯ ಕಾರ್ಡಿನ ಪಿನ್ನೂ ಅದೇ ಆಕಾರ. ಒಳಗೆ ಸರಿಯಾಗಿ ಕೂರುತ್ತದೆ, ಆದರೆ ಬರೀ ಯುಎಸ್‌ಬಿ ಪೋರ್ಟ್ ಆದರೆ ಹೆಚ್ಚಿನವು ಕೆಲಸ ಮಾಡುವುದಿಲ್ಲ.

ಮೂರನೇ ಸಲ ಕ್ಲಾಸ್ ಕಂಪ್ಲಯಂಟ್, ಸ್ಟೀರಿಯೋ ಲೈನ್ ಇನ್ ಎರಡನ್ನೂ ಕೇಳಿ ತಂದೆ. ಅದೂ ಮೊದಲ ದಿನ ಟಕ್ ಟಕ್ ಅಂತ ಸದ್ದು ಮಾಡಿತು. ಮೌಸ್, ಕೀಬೋರ್ಡ್, ಪೆನ್ ಡ್ರೈವ್ ಎಲ್ಲ ಇದ್ದ ಯುಎಸ್‌ಬಿ ಹಬ್‌ಗೇ (ಒಂದು ಪೋರ್ಟನ್ನು ಹಲವಾಗಿ ಹಂಚುವ ಡಬ್ಬಿಗೇ) ಅದನ್ನೂ ಹಾಕಿದ್ದೆ. ಯುಎಸ್‌ಬಿ 2 ಪೋರ್ಟ್ ಒಂದು ಕೊಡುವುದು 500 ಮಿಲಿಆಂಪ್, ಅದನ್ನೇ ನಾಲ್ಕು ಜನ ಹಂಚಿಕೊಂಡರೆ ಸಾಕಾಗಬೇಕಲ್ವಾ? ಕಂಪ್ಯೂಟರಿನ ಪೋರ್ಟಿಗೇ ನೇರವಾಗಿ ಹಾಕಿದ ಮೇಲೆ ಸದ್ದು ನಿಂತಿತು. 48 ವೋಲ್ಟ್ ಬೇಡುವ ಕಂಡೆನ್ಸರ್ ಮೈಕ್ ಇಟ್ಟುಕೊಂಡು ಹಾಡು, ಪಾಠ ರೆಕಾರ್ಡ್ ಮಾಡುವವರು ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು, ಆ ಕರೆಂಟೂ ಇದೇ ವೈರಿನಲ್ಲಿ ಬರಬೇಕು.

ಅಂಗಡಿಯವರಲ್ಲಿ, ಆನ್‌ಲೈನ್ ಮಾರುವವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಯಾವ ವಿಂಡೋಸ್, ಯಾವ ಮ್ಯಾಕ್‌ಓಎಸ್, ಡ್ರೈವರ್ ಬೇಕೋ ಬೇಡವೋ, ಒಳಗೆ ಬರುವುದು ಮೋನೋನೋ ಸ್ಟೀರಿಯೋನೋ, ಇಷ್ಟನ್ನು ಬೆಲೆಯ ಪಕ್ಕದಲ್ಲೇ ಬರೆಯಲಿ. ‘ಪ್ಲಗ್ ಆಂಡ್ ಪ್ಲೇ’ ಅನ್ನುವ ಮಾತು ಇದಕ್ಕೆ ಸಾಲುವುದಿಲ್ಲ. ಕೊಳ್ಳುವವರು ಮಾಡೆಲ್ ನಂಬರ್ ಬರೆದುಕೊಂಡು ಮನೆಗೆ ಬಂದು, ಕಂಪನಿಯ ಜಾಲತಾಣದಲ್ಲಿ ಡ್ರೈವರ್ ಪುಟ ತೆಗೆದು, ಕೊನೆಯ ಡ್ರೈವರಿನ ತಾರೀಕು ನೋಡಿ ಆಮೇಲೆ ದುಡ್ಡು ಕೊಡಲಿ. ಹತ್ತು ನಿಮಿಷದ ಕೆಲಸ. ಅದನ್ನು ಮೊದಲೇ ಮಾಡಿದ್ದರೆ ನನ್ನ ಎರಡು ಕಾರ್ಡಿನ ದುಡ್ಡು ಉಳಿಯುತ್ತಿತ್ತು.

ನಿಮ್ಮ ಪತ್ರಿಕೆಯಲ್ಲಿ ಹೊಸ ಮೊಬೈಲ್‌ಗಳ ಬಗ್ಗೆ ಚೆನ್ನಾಗಿ ಬರೆಯುತ್ತೀರಿ. ಊರೂರಲ್ಲಿ ಸಂಗೀತ ಕಲಿಸುವವರು, ಆಕಾಶವಾಣಿಯಿಂದ ಟೇಪ್ ಮಾಡಿಟ್ಟುಕೊಂಡವರು, ಮಕ್ಕಳಿಗೆ ಪಾಠ ಓದಿ ಕಳಿಸುವ ಟೀಚರುಗಳು ಈಗ ಇಂಥ ಕಾರ್ಡ್ ಕೊಳ್ಳುತ್ತಿದ್ದಾರೆ. ಇದರ ಬಗ್ಗೆಯೂ ತಿಳಿದವರಿಂದ ಒಂದು ಲೇಖನ ಬರೆಸಿ, ದಯವಿಟ್ಟು.

– ಒಬ್ಬ ಓದುಗ, ಸಾಗರ