ಮುಖವಿಲ್ಲದ ಚಿತ್ರ: ಗೆಳೆಯನಿಗೊಂದು ಪತ್ರ

ಉಡುಪಿ

ಪ್ರೀತಿಯ ಗೆಳೆಯ,

ನೀನು ಕ್ಯಾಮೆರಾದಲ್ಲಿ ತೆಗೆದು ಕಳುಹಿಸಿದ ಹನ್ನೆರಡು ಚಿತ್ರಗಳನ್ನು ಎರಡು ದಿನ ಬಿಟ್ಟು ಬಿಟ್ಟು ನೋಡಿದೆ. ಉತ್ತರ ತಡವಾದದ್ದು ಅದಕ್ಕೇ. ನೋಡಿದವರೆಲ್ಲ ಚೆನ್ನಾಗಿದೆ ಎನ್ನುತ್ತಾರೆಯೇ ಹೊರತು ಯಾರ ಮನಸ್ಸಿಗೂ ತಟ್ಟುತ್ತಿಲ್ಲ ಎಂದು ನೀನು ಬರೆದಿದ್ದೀಯಲ್ಲ, ಅದನ್ನು ಅಲ್ಲಗಳೆದು ನಿನ್ನನ್ನು ಸಮಾಧಾನಪಡಿಸಲಾರೆ. ಮಲ್ಪೆಯ ಸೂರ್ಯಾಸ್ತದ ಚಿತ್ರಗಳಿಗೆ ನೀನು ಆಮೇಲೆ ತುಂಬಿದ ಕಿತ್ತಳೆ ಬಣ್ಣ ಎಷ್ಟು ಹೆಚ್ಚಾಗಿದೆಯೆಂದರೆ, ಆ ದೋಣಿ ದಡಕ್ಕೆ ಬರುತ್ತಿದೆಯೋ ಕಡಲಿಗೆ ಇಳಿಯುತ್ತಿದೆಯೋ ಎಂದು ಕೇಳಬೇಕೆಂದೇ ಅನ್ನಿಸುವುದಿಲ್ಲ. ಕಣ್ಣು ತೃಪ್ತಿಪಟ್ಟು ಮುಂದೆ ಹೋಗಿಬಿಡುತ್ತದೆ.

ಆದರೆ ‘ಇದು ಕೆಟ್ಟುಹೋಯಿತು, ಮುಖವೇ ಬಂದಿಲ್ಲ’ ಎಂಬ ಟಿಪ್ಪಣಿಯೊಡನೆ ಕೊನೆಗೆ ಸೇರಿಸಿದ್ದೀಯಲ್ಲ, ಮಂಗಳೂರಿನಲ್ಲಿ ಮೀನಿನ ದೋಣಿಗಳು ತಂಗುವ ದಕ್ಕೆಯಲ್ಲಿ ತೆಗೆದ ಚಿತ್ರ, ಅದರ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ಮೀನು ಮಾರುವ ಹೆಂಗಸಿನ ಗಲ್ಲದಿಂದ ಕೆಳಗಿನ ಭಾಗವಷ್ಟೇ ಅದರಲ್ಲಿದೆ. ಒದ್ದೆ ಕೈಯಲ್ಲಿ ಹತ್ತು, ಇಪ್ಪತ್ತರ ನೋಟುಗಳು ಒಂದಕ್ಕೊಂದು ಅಂಟಿಕೊಂಡಿವೆ. ಅವುಗಳನ್ನು ಬಿಡಿಸುತ್ತಿರುವ ಹೆಬ್ಬೆರಳಿನ ಉಗುರಿನ ಬಳಿ ಒಂದೇ ಒಂದು ಮೀನಿನ ಹುರುಪೆ ಹೊಳೆಯುತ್ತಿದೆ. ಪಕ್ಕದ ಬುಟ್ಟಿಯಲ್ಲಿ ಕರಗಿದ ಮಂಜುಗಡ್ಡೆಯ ನೀರಿನೊಳಗೆ ಆರೇಳು ಬಂಗುಡೆ ಉಳಿದಿವೆ. ಇಂದಿನ ಲೆಕ್ಕ ಕೂಡಿತೋ, ಉಳಿದ ಮೀನನ್ನು ಆಕೆ ಅರ್ಧ ಬೆಲೆಗೆ ಕೊಟ್ಟಾಳೋ, ಮನೆಗೇ ಒಯ್ದಾಳೋ? ಮುಖವಿದ್ದಿದ್ದರೆ ಅದರ ದಣಿವೋ ನಗುವೋ ಉತ್ತರವನ್ನು ಹೇಳಿಬಿಡುತ್ತಿತ್ತು, ನಾನೂ ‘ಪಾಪ’ ಎಂದುಕೊಂಡು ಪುಟ ತಿರುಗಿಸುತ್ತಿದ್ದೆ.

1984ರ ಭೋಪಾಲ ಅನಿಲ ದುರಂತದ ಬಳಿಕ ರಘು ರಾಯ್ ತೆಗೆದ, ಮಣ್ಣಿನಲ್ಲಿ ಹೂಳುತ್ತಿರುವ ಮಗುವಿನ ಚಿತ್ರವನ್ನು ನೀನು ನೋಡಿಯೇ ಇರುತ್ತೀಯೆ. ಅಲ್ಲಿ ಅಳುವವರ ಮುಖವಿಲ್ಲ. ಮಗುವಿನ ತಲೆಯ ಬಳಿ ಬಂದಿರುವ ಒಂದು ಕೈ ಇದೆ, ಅಷ್ಟೇ. ಮುಖವನ್ನು ತೋರಿಸಿಯೂ ಅದಕ್ಕೆ ಸಮನಾದುದನ್ನು ಸಾಧಿಸಿದವಳೆಂದರೆ ಅಮೆರಿಕದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ, 32 ವರ್ಷದ ತಾಯಿಯೊಬ್ಬಳನ್ನು ಆಕೆ ಒಂದೊಂದು ಚಿತ್ರಕ್ಕೂ ಇನ್ನಷ್ಟು ಹತ್ತಿರ ಸರಿಯುತ್ತ ತೆಗೆದಳು. ಜಗತ್ತಿಗೆಲ್ಲ ಗೊತ್ತಿರುವ ಆ ಚಿತ್ರದಲ್ಲಿ ಎರಡೂ ಬದಿಯ ಮಕ್ಕಳು ಮುಖ ತಿರುಗಿಸಿ ತಾಯಿಯ ಹೆಗಲಿಗೆ ಒರಗಿದ್ದಾರೆ. ತಾಯಿಯ ಕೈ ಗಲ್ಲದ ಬಳಿ ಇದೆ, ನೋಟ ಕ್ಯಾಮೆರಾವನ್ನು ದಾಟಿ ಎಲ್ಲಿಗೋ ಹೋಗಿದೆ. ಆ ಮಕ್ಕಳು ನಮ್ಮತ್ತ ನೋಡಿದ್ದರೆ ನಮ್ಮ ಕಣ್ಣು ಅವರಲ್ಲೇ ನಿಂತು, ಆ ತಾಯಿ ಏನನ್ನು ಯೋಚಿಸುತ್ತಿದ್ದಾಳೆಂಬ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲವೆಂದು ನನ್ನ ಎಣಿಕೆ. ಲ್ಯಾಂಗ್ ಆಕೆಯ ಹೆಸರನ್ನು ಕೇಳಿರಲಿಲ್ಲ ಎಂಬುದು ಮಾತ್ರ ನನ್ನನ್ನು ಇಂದಿಗೂ ಚುಚ್ಚುತ್ತದೆ. ಆ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಯಕ್ಷಗಾನದ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಗೆ ಕ್ಯಾಮೆರಾ ಹಿಡಿದು ಹೋದ ಮೊದಲ ವರ್ಷ ನಾನು ಫ್ಲ್ಯಾಶ್ ಇಲ್ಲದೆ ಒಂದು ಚಿತ್ರವನ್ನೂ ತೆಗೆಯಲಿಲ್ಲ. ಬಣ್ಣದ ಒಂದೊಂದು ಗೆರೆಯೂ ಸ್ಪಷ್ಟವಾಗಿ ಬಂದಿತು, ಅದರ ಜೊತೆಗೆ ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳೂ, ಬೆಳಕಿಗೆ ಗಕ್ಕನೆ ಬಿಗಿದುಕೊಂಡ ಕಲಾವಿದರ ಹುಬ್ಬುಗಳೂ ಬಂದವು. ಹಿರಿಯ ವೇಷಧಾರಿಯೊಬ್ಬರು ಕನ್ನಡಿಯಿಂದ ಕಣ್ಣು ತೆಗೆಯದೆಯೇ, “ನೀವು ಬಣ್ಣ ನೋಡ್ಲಿಕ್ಕೆ ಬಂದದ್ದಾ, ನಮ್ಮನ್ನಾ?” ಎಂದು ಕೇಳಿದರು. ಆಮೇಲೆ ನಾಲ್ಕೈದು ಆಟಗಳಿಗೆ ನಾನು ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟು, ಚೌಕಿಯ ಮೂಲೆಯಲ್ಲಿ ಸುಮ್ಮನೆ ಕುಳಿತು ಬಂದೆ.

ಒಂದು ಮುಂಜಾನೆ, ಮಂಗಳ ಹಾಡಿ ಆದ ಮೇಲೆ, ಅದೇ ಹಿರಿಯರು ಕೊಬ್ಬರಿ ಎಣ್ಣೆ ಸವರಿದ ಹಳೆಯ ಬಟ್ಟೆಯಿಂದ ರಕ್ಕಸನ ಮುಖವನ್ನು ಒರೆಸಿಕೊಳ್ಳುತ್ತಿದ್ದರು. ಕೆನ್ನೆಯಲ್ಲಿ ಕೆಂಪು ಮತ್ತು ಕಪ್ಪು ಕಲಸಿಹೋಗಿದ್ದವು. ಹಣೆಯ ಮೇಲೆ ಕಿರೀಟದ ಹಗ್ಗ ಕಚ್ಚಿದ ಗೆರೆ ಆಳವಾಗಿ ಮೂಡಿತ್ತು. ಇನ್ನೊಂದು ಕೈಯ ಚಹಾದ ಲೋಟದ ಮೇಲೆ ಐದೂ ಬೆರಳುಗಳ ಎಣ್ಣೆ ಗುರುತು. ಅವರು ನನ್ನತ್ತ ನೋಡಿ, ಬೇಡವೆನ್ನದೆ, ಮತ್ತೆ ಒರೆಸುವುದರಲ್ಲಿ ತೊಡಗಿದರು. 50 ಎಂಎಂ ಲೆನ್ಸ್‌ನಲ್ಲಿ, ಹೊರಗಿನಿಂದ ಬರುತ್ತಿದ್ದ ತೆಳು ಬೆಳಕಿನಲ್ಲಿ ಮೂರು ಚಿತ್ರ ತೆಗೆದೆ. ಅವುಗಳಲ್ಲೊಂದು ನಿಂತಿತು. ಅದರ ಪ್ರತಿಯನ್ನು ಅವರ ಮನೆಗೆ ಒಯ್ದು ಕೊಟ್ಟಾಗ ಅವರ ಹೆಂಡತಿ ಹಣೆಯ ಆ ಗೆರೆಯನ್ನು ಬೆರಳಿನಿಂದ ಮುಟ್ಟಿ, “ಇದು ಮಧ್ಯಾಹ್ನದವರೆಗೂ ಹೋಗುವುದಿಲ್ಲ” ಎಂದರು. ಆ ಚಿತ್ರದ ಬಗ್ಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಇನ್ನೂ ಸಿಕ್ಕಿಲ್ಲ.

ಆದ್ದರಿಂದ ಆ ದಕ್ಕೆಯ ಚಿತ್ರವನ್ನು ದಯವಿಟ್ಟು ಕಪ್ಪು-ಬಿಳುಪು ಮಾಡಬೇಡ. ಬಣ್ಣ ತೆಗೆದರೆ ದುಃಖ ತಾನಾಗಿಯೇ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಹಲವರಿಗಿದೆ. ಇಲ್ಲಿ ಬಣ್ಣ ಹೋದರೆ ಹುರುಪೆಯ ಹೊಳಪೂ ಬಂಗುಡೆಯ ನೀಲಿ ಬೆನ್ನೂ ಹೋಗುತ್ತವೆ. ಬುಟ್ಟಿಯನ್ನೂ ಕತ್ತರಿಸಬೇಡ. ಎಡಗಡೆಯ ಬೈಕಿನ ಚಕ್ರವನ್ನು ಬೇಕಾದರೆ ತೆಗೆ.

ಮೇ ತಿಂಗಳ ಕೊನೆಯಲ್ಲಿ ಬರುವ ಪತ್ತನಾಜೆಗೆ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ಮುನ್ನ ಒಂದು ರಾತ್ರಿ ಇತ್ತ ಬಾ, ಚೌಕಿಗೆ ಹೋಗೋಣ. ದೂರದಿಂದಲೇ ತೆಗೆಯುವ ಆ ಉದ್ದದ ಲೆನ್ಸ್ ಮನೆಯಲ್ಲೇ ಇರಲಿ. ಅದಕ್ಕೂ ಮೊದಲು ಆ ಚಿತ್ರದ ಒಂದು ಪ್ರತಿ ಮಾಡಿಸಿ ದಕ್ಕೆಗೆ ಹೋಗಿ ಆಕೆಗೆ ಕೊಟ್ಟು, ಹೆಸರು ಕೇಳಿಕೊಂಡು ಬಾ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲವಾದ್ದರಿಂದ ಆಮೇಲೆ ಆಕೆ ಅಲ್ಲಿ ಸಿಗದಿರಬಹುದು. ಚಿತ್ರದಲ್ಲಂತೂ ಮುಖವಿಲ್ಲ, ನಿನಗಾದರೂ ನೆನಪಿದೆ ತಾನೆ?

ಇಂತಿ,
ನಿನ್ನ ಗೆಳೆಯ